ಫ್ರೆಂಚ್ ವೈನ್: ಹೆಸರು ಊರಿನದು, ಬೇರು ಅಮೆರಿಕದ್ದು

ಹಿಟ್ನಾಳದಿಂದ ಒಂದು ಕಡೆ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳು. ಕುಷ್ಟಗಿ, ಯಲಬುರ್ಗಾದ ಕಡೆ ಹೊರಟರೆ ಸಜ್ಜೆ, ಜೋಳ, ಶೇಂಗಾದ ಒಣಬೇಸಾಯ, ನಡುನಡುವೆ ದಾಳಿಂಬೆ, ಅಲ್ಲಲ್ಲಿ ದ್ರಾಕ್ಷಿ. ಫ್ರಾನ್ಸಿನ ವೈನ್ ಬಗ್ಗೆ ಬರೆಯುವಾಗ ಇಲ್ಲಿಂದ ಆರಂಭಿಸಲು ಕಾರಣವಿದೆ. ಫ್ರಾನ್ಸ್ ಮೂಲದ ಕ್ಯಾಬರ್ನೆ ಸೊವಿನ್ಯೋನ್, ಸಿರಾ ತಳಿಗಳು ಇದೇ ಕೊಪ್ಪಳ ಜಿಲ್ಲೆಯ ನೆಲದಲ್ಲಿ ಬೆಳೆಯುತ್ತಿವೆ. ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕ್ರಿಸ್ಮಾ ಎಸ್ಟೇಟ್ಸ್ ಇಲ್ಲಿನ ವೈನನ್ನು ‘ಹಂಪಿ ಹಿಲ್ಸ್’ ಹೆಸರಿನಲ್ಲೇ ಮಾರುತ್ತದೆ.

ದ್ರಾಕ್ಷಿ ಈ ಸೀಮೆಗೆ ಹೊಸದೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಫ್ರೆಂಚ್ ವೈನ್ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳು ಹೆಚ್ಚಾಗಿ ಸಿನಿಮಾ, ಜಾಹೀರಾತುಗಳಿಂದ ಬಂದವು. ದ್ರಾಕ್ಷಿ ಬೆಳೆಯುವ ಜಿಲ್ಲೆಯವರಿಗಾದರೂ ನಿಜ ಸಂಗತಿ ಗೊತ್ತಿರಬೇಕು, ಏಕೆಂದರೆ ಇದು ಮೊದಲಿಗೆ ಬೇಸಾಯದ ವಿಷಯ, ಕುಡಿತದ್ದು ಆಮೇಲೆ.

ತಪ್ಪು ಕಲ್ಪನೆ: ಬೋರ್ಡೋ, ಬರ್ಗಂಡಿ, ಶಾಂಪೇನ್ ಎಂಬುವು ದ್ರಾಕ್ಷಿ ತಳಿಗಳು, ಇಲ್ಲವೇ ಕಂಪನಿಗಳು

ಇವು ಊರು, ಸೀಮೆಗಳ ಹೆಸರು. ಫ್ರಾನ್ಸಿನ ಬಾಟಲಿಯ ಮೇಲೆ ಸಾಮಾನ್ಯವಾಗಿ ದೊಡ್ಡದಾಗಿ ಕಾಣುವುದು ನೆಲದ ಹೆಸರು. ಒಳಗಿರುವುದು ಯಾವ ತಳಿ ಎಂಬುದನ್ನು ಕೊಳ್ಳುವವರೇ ತಿಳಿದಿರಬೇಕು.

ನೈಋತ್ಯದಲ್ಲಿ, ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಅಟ್ಲಾಂಟಿಕ್ ಸಾಗರ ಸೇರುವ ಕಡೆ ಬೋರ್ಡೋ ಇದೆ. ಎಡದಂಡೆಯ ಗರಸು ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್‌ಗೆ ಮೊದಲ ಸ್ಥಾನ, ಬಲದಂಡೆಯ ಜೇಡಿ ಮಣ್ಣಿನಲ್ಲಿ ಮೆರ್ಲೋಗೆ. ದಂಡೆ ಬದಲಾದರೆ ಬೆಳೆಯೂ ಬದಲಾಗುತ್ತದೆ ಎಂಬುದನ್ನು ತುಂಗಭದ್ರೆಯ ಆಸುಪಾಸಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪೂರ್ವಕ್ಕೆ, ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಹಬ್ಬಿದ ಕಿರಿದಾದ ಪಟ್ಟಿ ಬರ್ಗಂಡಿ. ಅಲ್ಲಿ ಕೆಂಪು ವೈನ್‌ಗೆ ಪಿನೋ ನ್ವಾರ್, ಬಿಳಿಗೆ ಶಾರ್ಡೊನೇ. ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳು ಅಲ್ಲಿನ ಇಳಿಜಾರನ್ನು ತುಂಡು ತುಂಡಾಗಿ ಪರೀಕ್ಷಿಸಿ, ಯಾವ ಹೊಲದ ಹಣ್ಣಿಗೆ ಯಾವ ರುಚಿ ಎಂದು ಗುರುತಿಸಿದರು. ಆ ತುಂಡುಗಳಿಗೆ ಈಗಲೂ ಪ್ರತ್ಯೇಕ ಹೆಸರಿದೆ, 2015ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲೋ ದ ವೂಜೊ ಎಂಬ ಸುಮಾರು 50 ಹೆಕ್ಟೇರ್‌ನ ಒಂದೇ ತೋಟಕ್ಕೆ ಇಂದು 80ರಷ್ಟು ಒಡೆಯರಿದ್ದಾರೆ. ಕೆಲವರ ಪಾಲಿಗಿರುವುದು ಬರೀ ಕೆಲವು ಸಾಲು ಬಳ್ಳಿ.

ಲಿಯೋನ್‌ನಿಂದ ದಕ್ಷಿಣಕ್ಕೆ ರೋನ್ ನದಿಯ ಕಣಿವೆ. ಅದರ ಉತ್ತರ ಭಾಗದ ಕಡಿದಾದ ಕಲ್ಲುಗುಡ್ಡಗಳಲ್ಲಿ ಸಿರಾ, ದಕ್ಷಿಣದ ಬಿಸಿಲಿನಲ್ಲಿ ಗ್ರೆನಾಶ್. ಲ್ವಾರ್ ನದಿಯ ದಂಡೆಗಳು ಶೆನಾ ಬ್ಲಾಂ ಮತ್ತು ಸೊವಿನ್ಯೋನ್ ಬ್ಲಾಂ ತಳಿಗಳ ಬಿಳಿ ವೈನ್‌ಗೆ ಹೆಸರಾದವು. ಜರ್ಮನಿಯ ಗಡಿಯ ಅಲ್ಸಾಸ್‌ನಲ್ಲಿ ರೀಸ್ಲಿಂಗ್. ಅಲ್ಲಿ ಮಾತ್ರ ಬಾಟಲಿಯ ಮೇಲೆ ತಳಿಯ ಹೆಸರು ಬರೆಯುವುದು ಮೊದಲಿನಿಂದ ಬಂದ ರೂಢಿ.

ಈ ಹೆಸರುಗಳ ಹಿಂದೆ ಗಟ್ಟಿ ಕಾನೂನಿದೆ. 1935ರಲ್ಲಿ ಫ್ರಾನ್ಸ್ ಎಒಸಿ, ಅಂದರೆ ಮೂಲದ ಊರಿನ ಹೆಸರನ್ನು ಕಾಯುವ ವ್ಯವಸ್ಥೆಯನ್ನು ತಂದಿತು. ಯಾವ ಸೀಮೆಯಲ್ಲಿ ಯಾವ ತಳಿ ನೆಡಬೇಕು, ಹೆಕ್ಟೇರಿಗೆ ಎಷ್ಟು ಇಳುವರಿ ಮೀರಬಾರದು ಎಂಬುದೆಲ್ಲ ಅದರಲ್ಲಿ ನಿಗದಿ. ಇಳುವರಿ ಹೆಚ್ಚಾದರೆ ಹೆಸರು ಕೈತಪ್ಪುತ್ತದೆ. ಹೆಚ್ಚು ಬೆಳೆದವನೇ ಜಾಣ ಎಂದು ನಂಬಿದ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಫ್ರೆಂಚ್ ವೈನಿನ ಬೆಲೆ ನಿಂತಿರುವುದೇ ಈ ಕಟ್ಟುಪಾಡಿನ ಮೇಲೆ.

ತಪ್ಪು ಕಲ್ಪನೆ: ನೊರೆ ಉಕ್ಕುವ ವೈನೆಲ್ಲ ಶಾಂಪೇನ್

ಪ್ಯಾರಿಸ್‌ನ ಪೂರ್ವಕ್ಕಿರುವ ಶಾಂಪೇನ್ ಸೀಮೆಯ ಸುಣ್ಣದ ನೆಲದಲ್ಲಿ ಬೆಳೆದು, ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿದ್ದಕ್ಕೆ ಮಾತ್ರ ಆ ಹೆಸರು. ಮಿಕ್ಕದ್ದು ಸ್ಪಾರ್ಕ್ಲಿಂಗ್ ವೈನ್. ಕೊಪ್ಪಳದವರಿಗೆ ಇದನ್ನು ತಿಳಿಯಲು ಕಿನ್ನಾಳದ ಗೊಂಬೆ ಸಾಕು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಆ ಹೆಸರನ್ನು ಬೇರೆಲ್ಲೋ ತಯಾರಾದ ಗೊಂಬೆಗೆ ಅಂಟಿಸುವಂತಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಗೂ ಅದೇ ಮಾನ್ಯತೆ ಇದೆ.

ಶಾಂಪೇನನ್ನು ದೋಂ ಪೆರಿನ್ಯೋ ಎಂಬ ಸನ್ಯಾಸಿ ಕಂಡುಹಿಡಿದ ಎಂಬ ಕಥೆಯೂ ನಿಜವಲ್ಲ. ಅವನು ಬೇರೆ ಬೇರೆ ತೋಟದ ಹಣ್ಣುಗಳನ್ನು ಬೆರೆಸುವುದರಲ್ಲಿ ನಿಪುಣನಾಗಿದ್ದ. ಬಾಟಲಿಯಲ್ಲಿ ಗುಳ್ಳೆ ಏಳುವುದು ಅವನ ಕಾಲಕ್ಕೆ ದೋಷವೆನಿಸಿತ್ತು. ಸಕ್ಕರೆ ಸೇರಿಸಿ ವೈನಿಗೆ ನೊರೆ ಬರಿಸುವ ವಿಧಾನವನ್ನು ಕ್ರಿಸ್ಟಫರ್ ಮೆರೆಟ್ ಎಂಬ ಇಂಗ್ಲಿಷ್ ವಿದ್ವಾಂಸ 1662ರಲ್ಲೇ ಬರೆದಿದ್ದ.

ತಪ್ಪು ಕಲ್ಪನೆ: ಫ್ರಾನ್ಸಿನ ಬಳ್ಳಿ ಬೇರಿನಿಂದ ಕುಡಿಯವರೆಗೂ ಫ್ರಾನ್ಸಿನದೇ

ಇದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಇದರ ನಿಜವನ್ನು ನಮ್ಮ ದ್ರಾಕ್ಷಿ ಬೆಳೆಗಾರರು ಕೇಳಲೇಬೇಕು.

1860ರ ದಶಕದಲ್ಲಿ ರೋನ್ ಕಣಿವೆಯ ದಕ್ಷಿಣದ ತೋಟಗಳಲ್ಲಿ ಬಳ್ಳಿಗಳು ಕಾರಣ ತಿಳಿಯದಂತೆ ಒಣಗತೊಡಗಿದವು. ಎಲೆ ಹಳದಿಯಾಗಿ, ಕಾಯಿ ನಿಲ್ಲದೆ, ಎರಡು ಮೂರು ವರ್ಷದಲ್ಲಿ ಗಿಡ ಸಾಯುತ್ತಿತ್ತು. ಸತ್ತ ಗಿಡ ಕಿತ್ತು ನೋಡಿದರೆ ಬೇರು ಕೊಳೆತಿರುತ್ತಿತ್ತು, ಆದರೆ ಕೀಟ ಇರುತ್ತಿರಲಿಲ್ಲ. 1868ರಲ್ಲಿ ಮೋಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಸಂಗಡಿಗರು ಇನ್ನೂ ಜೀವವಿದ್ದ ಬಳ್ಳಿಯ ಬೇರು ಅಗೆದಾಗ ಹಳದಿ ಬಣ್ಣದ ಸಣ್ಣ ಹೇನುಗಳು ಸಿಕ್ಕವು. ಆ ಕೀಟವೇ ಫಿಲಾಕ್ಸೆರಾ. ಅದು ಅಮೆರಿಕದಿಂದ ತರಿಸಿದ ಗಿಡಗಳ ಜೊತೆ ಬಂದಿತ್ತು, ಗಿಡ ಸಾಯುವ ಹೊತ್ತಿಗೆ ಪಕ್ಕದ ಗಿಡಕ್ಕೆ ದಾಟಿಬಿಡುತ್ತಿತ್ತು. ದೇಶದ ತೋಟಗಳ ಬಹುಭಾಗ ನಾಶವಾಯಿತು.

ಪರಿಹಾರ ಬಂದದ್ದೂ ಅಮೆರಿಕದಿಂದಲೇ. ಅಲ್ಲಿನ ಕಾಡುದ್ರಾಕ್ಷಿಯ ಬೇರು ಆ ಹೇನನ್ನು ತಾಳಿಕೊಳ್ಳುತ್ತಿತ್ತು. ಆ ಬೇರಿನ ಮೇಲೆ ಫ್ರೆಂಚ್ ತಳಿಯನ್ನು ಕಸಿ ಕಟ್ಟಿದರು. ಟೆಕ್ಸಾಸ್‌ನ ಟಿ.ವಿ. ಮನ್ಸನ್ ಎಂಬ ದ್ರಾಕ್ಷಿ ತಜ್ಞ ಅಲ್ಲಿನ ಸುಣ್ಣದ ನೆಲಕ್ಕೆ ಒಗ್ಗಿದ ಕಾಡುಬಳ್ಳಿಗಳನ್ನು ಗುರುತಿಸಿ ನೆರವಾದ. 1888ರಲ್ಲಿ ಫ್ರಾನ್ಸ್ ಸರ್ಕಾರ ಅವನಿಗೆ ಕೃಷಿ ಸೇವೆಗೆ ಕೊಡುವ ತನ್ನ ಮೆರಿತ್ ಅಗ್ರಿಕೋಲ್ ಗೌರವ ನೀಡಿತು. ಇಂದು ಫ್ರಾನ್ಸಿನ ಬಹುತೇಕ ಎಲ್ಲ ಬಳ್ಳಿಗಳ ಕೆಳಗಿರುವುದು ಅಮೆರಿಕ ಮೂಲದ ಬೇರು.

ಅದೇ ಮನ್ಸನ್ ಟೆಕ್ಸಾಸ್‌ನಲ್ಲಿ ಆರಿಸಿದ ಇನ್ನೊಂದು ಕಾಡುಬಳ್ಳಿಯ ಹೆಸರು ಡಾಗ್‌ರಿಡ್ಜ್. ವಿಜಯಪುರ, ಬಾಗಲಕೋಟೆಯ ರೈತರು ಹೊಲದಲ್ಲಿ ಮೊದಲು ನೆಟ್ಟು, ಆಮೇಲೆ ಅದರ ಮೇಲೆ ತಿನ್ನುವ ದ್ರಾಕ್ಷಿಯ ಥಾಮ್ಸನ್ ತಳಿಯನ್ನು ಕಸಿ ಕಟ್ಟುತ್ತಾರಲ್ಲ, ಅದೇ ಡಾಗ್‌ರಿಡ್ಜ್. ನಮಗೆ ಅದು ಬೇಕಾಗಿದ್ದು ಹೇನಿನ ಭಯದಿಂದಲ್ಲ, ಸವಳು ನೀರು ಮತ್ತು ಬರಕ್ಕೆ ಅದು ತಡೆಯುತ್ತದೆ ಎಂದು. ನಮ್ಮ ತೋಟಕ್ಕೂ ಫ್ರಾನ್ಸಿನ ತೋಟಕ್ಕೂ ನೆಲದೊಳಗೆ ಹೀಗೊಂದು ನೆಂಟಸ್ತಿಕೆ ಇದೆ.

ಅಮೆರಿಕದ ಗಿಡಗಳ ಜೊತೆ ಡೌನಿ ರೋಗವೂ ಯುರೋಪಿಗೆ ಬಂತು. 1882ರಲ್ಲಿ ಬೋರ್ಡೋದ ಮೆದೋಕ್ ಭಾಗದಲ್ಲಿ ಓಡಾಡುತ್ತಿದ್ದ ಪ್ರಾಧ್ಯಾಪಕ ಮಿಲಾರ್ದೆಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ತೋಟದ ಒಳಗಿನ ಬಳ್ಳಿಗಳ ಎಲೆ ಉದುರಿದ್ದರೂ ದಾರಿ ಬದಿಯ ಸಾಲು ಮಾತ್ರ ಹಸಿರಾಗಿತ್ತು. ದಾರಿಹೋಕರು ಹಣ್ಣು ಕದಿಯದಿರಲೆಂದು ಆ ಸಾಲಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿದಿದ್ದರು. ಅಲ್ಲಿಂದ ಹುಟ್ಟಿದ್ದು ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ಮರ ಹತ್ತುವವರಿಂದ ಹಿಡಿದು ನಮ್ಮ ದ್ರಾಕ್ಷಿ ತೋಟದ ಪಂಪ್ ಹೊತ್ತವರವರೆಗೆ ಕರ್ನಾಟಕದಲ್ಲಿ ಈ ಊರಿನ ಹೆಸರು ದಿನಬಳಕೆಯ ಮಾತು. ವೈನ್ ಬಾಟಲಿ ಎಂದೂ ಕಾಣದವರೂ ಬೋರ್ಡೋ ಅನ್ನುತ್ತಾರೆ.

ತಪ್ಪು ಕಲ್ಪನೆ: ಫಲವತ್ತಾದ ಮಣ್ಣು, ಧಾರಾಳ ನೀರು, ಚಳಿ ಇದ್ದಲ್ಲಿ ಮಾತ್ರ ಒಳ್ಳೆಯ ವೈನ್ ದ್ರಾಕ್ಷಿ

ಮಣ್ಣು, ನೀರಿನ ಮಾತು ಪೂರ್ತಿ ಉಲ್ಟಾ. ನೀರು, ಗೊಬ್ಬರ ಹೆಚ್ಚಾದರೆ ಬಳ್ಳಿ ಎಲೆ, ಕುಡಿ ಬಿಟ್ಟು ಸೊಕ್ಕುತ್ತದೆ, ಹಣ್ಣು ಸಪ್ಪೆಯಾಗುತ್ತದೆ. ಬಡ ನೆಲದಲ್ಲಿ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸ ಗಾಢ. ಫ್ರಾನ್ಸಿನ ಬೊಜೊಲೆ ಸೀಮೆಯ ಗುಡ್ಡಗಳೂ, ಉತ್ತರ ರೋನ್‌ನ ಸಿರಾ ಬೆಳೆಯುವ ಕೊರ್ನಾಸ್‌ನಂಥ ಊರುಗಳೂ ಗ್ರಾನೈಟ್ ಪುಡಿಯಾದ ನೆಲದ ಮೇಲಿವೆ. ಹಂಪಿ, ಆನೆಗೊಂದಿ ಸುತ್ತಿನ ಬಂಡೆಗಳೂ ಗ್ರಾನೈಟೇ, ಅವು ಫ್ರಾನ್ಸಿನ ಬಂಡೆಗಳಿಗಿಂತ ಎಷ್ಟೋ ಹಳೆಯವು. ಭತ್ತಕ್ಕೆ ಬಾರದ ಕಲ್ಲುಮಿಶ್ರಿತ ಮಸಾರಿ ಹೊಲ ದಂಡದ್ದು ಎಂದು ಕೈಬಿಟ್ಟವರು ಇದನ್ನು ಒಮ್ಮೆ ಯೋಚಿಸಬೇಕು.

ಹವಾಮಾನದ ಮಾತಿನಲ್ಲಿ ಅರ್ಧ ನಿಜವಿದೆ. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ತಾನೇ ಎಲೆ ಉದುರಿಸಿ ನಿದ್ದೆಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಚಾಟ್ನಿ (ಬಳ್ಳಿ ಸವರುವುದು), ಸೆಪ್ಟೆಂಬರ್ ಸುಮಾರಿಗೆ ಕೊಯ್ಲು. ನಮ್ಮ ಬಿಸಿಲಿನಲ್ಲಿ ಬಳ್ಳಿಗೆ ಆ ನಿದ್ದೆಯಿಲ್ಲ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಕತ್ತರಿಸಿ, ಮಳೆಗಾಲದ ಪೈರನ್ನು ತಪ್ಪಿಸಿ, ಬೇಸಿಗೆ ಏರುವ ಹೊತ್ತಿಗೆ ಹಣ್ಣು ಕೊಯ್ಯುತ್ತೇವೆ. ಅಲ್ಲಿ ನೀರಾವರಿಗೆ ಕಟ್ಟುನಿಟ್ಟಿನ ನಿರ್ಬಂಧ, ಇಲ್ಲಿ ಡ್ರಿಪ್ ಇಲ್ಲದೆ ಬಳ್ಳಿ ಉಳಿಯದು. ಹೀಗಾಗಿ ಅದೇ ಸಿರಾ ತಳಿ ಇಲ್ಲಿ ಕೊಡುವ ವೈನ್ ಬೇರೆಯೇ ಆಗಿರುತ್ತದೆ, ಆಗಿರಲೂಬೇಕು. ನಂದಿಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯೊಂದಿಗೆ ಫ್ರೆಂಚ್ ತಳಿಗಳನ್ನು ಬೆಳೆಸಿ ಇದನ್ನು ತೋರಿಸಿದರು. ಮುಂದೆ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಕೂಡ ಆ ತೋಟದ ಸಲಹೆಗಾರರಾದರು.

ತಪ್ಪು ಕಲ್ಪನೆ: ಕಪ್ಪು ದ್ರಾಕ್ಷಿಯಿಂದ ಕೆಂಪು ವೈನ್, ಬಿಳಿ ದ್ರಾಕ್ಷಿಯಿಂದ ಬಿಳಿ. ವೈನ್ ಅಂದರೆ ಸಿಹಿ

ಒಂದು ಬೆಂಗಳೂರು ನೀಲಿ ಹಣ್ಣನ್ನು ಬೆರಳ ನಡುವೆ ಹಿಚುಕಿ ನೋಡಿ. ಹೊರಗೆ ಜಿಗಿಯುವ ತಿರುಳು ತಿಳಿಹಸಿರು. ಬಣ್ಣವೆಲ್ಲ ಕೈಯಲ್ಲಿ ಉಳಿದ ಸಿಪ್ಪೆಯಲ್ಲಿ. ಕ್ಯಾಬರ್ನೆ, ಪಿನೋ ನ್ವಾರ್‌ಗಳದೂ ಇದೇ ರೀತಿ. ರಸವನ್ನು ಸಿಪ್ಪೆಯ ಜೊತೆ ಹುದುಗಲು ಬಿಟ್ಟರೆ ಕೆಂಪು ವೈನ್, ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸಿದರೆ ಬಿಳಿ. ಬಿಳಿಯಾಗಿ ಕಾಣುವ ಎಷ್ಟೋ ಶಾಂಪೇನ್‌ಗಳಲ್ಲಿ ಕಪ್ಪು ದ್ರಾಕ್ಷಿಯ ರಸವೇ ಹೆಚ್ಚು.

ಸಿಹಿಯ ವಿಷಯ: ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಪೂರ್ತಿ ತಿಂದರೆ ಸಿಹಿ ಉಳಿಯುವುದಿಲ್ಲ. ಫ್ರಾನ್ಸಿನ ಹೆಚ್ಚಿನ ವೈನ್ ಹೀಗೆ ಸಿಹಿಯಿಲ್ಲದ್ದೇ. ನಮ್ಮಲ್ಲಿ ಬಹಳ ಕಾಲ ‘ಪೋರ್ಟ್’ ಎಂದು ಮಾರಿದ ಅಗ್ಗದ ಸಿಹಿ ವೈನಿನಿಂದ ಈ ಕಲ್ಪನೆ ಬಂದಿರಬೇಕು.

ತಪ್ಪು ಕಲ್ಪನೆ: ಹಳೆಯದಾದಷ್ಟೂ ಒಳ್ಳೆಯದು, ಫ್ರೆಂಚ್ ಎಂದರೆ ದುಬಾರಿ

ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಬೊಜೊಲೆ ನುವೋ ಎಂಬುದು ಅದೇ ವರ್ಷದ ಕೊಯ್ಲಿನಿಂದ ಮಾಡಿ, ನವೆಂಬರ್‌ನ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ. 1855ರಲ್ಲಿ ಮೂರನೇ ನೆಪೋಲಿಯನ್ ಕಾಲದಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ವ್ಯಾಪಾರಿಗಳು ತಯಾರಿಸಿದ ದರ್ಜೆ ಪಟ್ಟಿಯ ಬೆರಳೆಣಿಕೆಯ ತೋಟಗಳೇ ಲೋಕಕ್ಕೆ ಗೊತ್ತಿರುವುದು. ಮೆಡಿಟರೇನಿಯನ್ ದಂಡೆಯ ಲಾಂಗೆದೋಕ್‌ನಲ್ಲಿ ಬೆಳೆಯುವ ಸಾಧಾರಣ ವೈನ್‌ನ ಪ್ರಮಾಣದ ಮುಂದೆ ಅವು ಏನೂ ಅಲ್ಲ.

ತಪ್ಪು ಕಲ್ಪನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು

1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ, ಫ್ರೆಂಚರು ಬೆಣ್ಣೆ, ಚೀಸ್ ತಿಂದರೂ ಅವರಲ್ಲಿ ಹೃದ್ರೋಗ ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂದರು. ಅಲ್ಲಿಂದ ಹಬ್ಬಿದ ಮಾತಿದು. ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಬಗ್ಗೆ ಬಹಳ ಹೇಳುತ್ತಾರೆ, ಆದರೆ ವೈನಿನಲ್ಲಿ ಅದರ ಪ್ರಮಾಣ ತೀರ ಅಲ್ಪ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂಬುದೂ ಸಾಬೀತಾಗಿದೆ. ಫ್ರಾನ್ಸೇ ದಾರಿ ಬದಲಿಸಿದೆ. ಶಾಲೆಯ ಊಟದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ವೈನ್ ಕೊಡುವುದನ್ನು 1956ರಲ್ಲಿ ನಿಲ್ಲಿಸಿತು. 1960ರ ಸುಮಾರಿಗೆ ತಲಾ 100 ಲೀಟರ್ ಮೀರಿದ್ದ ವರ್ಷದ ಬಳಕೆ ಈಗ ಅರ್ಧಕ್ಕಿಂತ ಕೆಳಗಿಳಿದಿದೆ. ದ್ರಾಕ್ಷಿಯ ಗುಣ ಬೇಕಿದ್ದವರು ಹಣ್ಣನ್ನೇ ತಿನ್ನಲಿ.

ತಪ್ಪು ಕಲ್ಪನೆ: ತಿನ್ನುವ ದ್ರಾಕ್ಷಿ ಬೆಳೆಯುವವರು ವೈನ್ ದ್ರಾಕ್ಷಿ ನೆಟ್ಟರೆ ಕೈತುಂಬ ಕಾಸು

ಥಾಮ್ಸನ್ ಗೊಂಚಲನ್ನು ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದಿ ಕಾಳು ಉದ್ದ ಮಾಡುತ್ತೇವೆ. ದರ ಬೀಳುತ್ತದೆ ಎನಿಸಿದರೆ ಒಣಗಿಸಿ ಮಣೂಕ ಮಾಡಬಹುದು. ವೈನ್ ದ್ರಾಕ್ಷಿಗೆ ಈ ಎರಡನೇ ದಾರಿಯಿಲ್ಲ. ಸಣ್ಣ ಕಾಳು, ದಪ್ಪ ಸಿಪ್ಪೆ, ಬಾಯಿಗೆ ಸಿಗುವ ಬೀಜ: ಸಂತೆಯಲ್ಲಿ ಕೊಳ್ಳುವವರಿಲ್ಲ. ವೈನರಿ ಬೇಡವೆಂದರೆ ಬೆಳೆ ಹೊಲದಲ್ಲೇ ಉಳಿಯುತ್ತದೆ. 2009ರ ಆಸುಪಾಸಿನಲ್ಲಿ ಬೇಡಿಕೆ ಕುಸಿದಾಗ ಮಹಾರಾಷ್ಟ್ರದ ಎಷ್ಟೋ ರೈತರು ವೈನ್ ದ್ರಾಕ್ಷಿಯ ಬಳ್ಳಿಗಳನ್ನು ಕಿತ್ತುಹಾಕಿದರು. ಫ್ರಾನ್ಸೂ ಇದನ್ನು ಉಂಡಿದೆ. 1907ರಲ್ಲಿ ದರ ನೆಲಕಚ್ಚಿದಾಗ ಲಾಂಗೆದೋಕ್‌ನ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದರು, ನಾರ್ಬೋನ್‌ನಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. 2023ರಲ್ಲಿ ಫ್ರಾನ್ಸ್ ಸರ್ಕಾರ ಮಾರಾಟವಾಗದ ವೈನನ್ನು ಬಟ್ಟಿಯಿಳಿಸಿ ಕೈಗಾರಿಕಾ ಆಲ್ಕೋಹಾಲ್ ಮಾಡಲು 20 ಕೋಟಿ ಯೂರೋ ತೆಗೆದಿಡಬೇಕಾಯಿತು.

ಕುಷ್ಟಗಿ, ಯಲಬುರ್ಗಾದ ನೆಲಕ್ಕೆ ಈ ಬೆಳೆ ಹೊಂದುತ್ತದೆ ಎಂಬ ನಂಬಿಕೆ ನನಗಿದೆ. ಆದರೆ ನೆಡಬೇಕೆನ್ನುವ ರೈತರಲ್ಲಿ ನನ್ನ ಕೋರಿಕೆ ಇಷ್ಟೇ: ದರ, ಸಕ್ಕರೆ ಪ್ರಮಾಣ, ಖರೀದಿಯ ವರ್ಷಗಳು, ಮೂರನ್ನೂ ಬರೆದ ಒಪ್ಪಂದ ವೈನರಿಯಿಂದ ಕೈಗೆ ಬರುವವರೆಗೆ ಒಂದು ಕಡ್ಡಿಯನ್ನೂ ನೆಡಬೇಡಿ.