ಉಲ್ಹಾಸ ನದಿಯ ನಕ್ಷೆಯೂ ನಮ್ಮ ಆರೋಗ್ಯವೂ

ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿರುವ ಕನ್ನಡ ಬಾಂಧವರಲ್ಲಿ ಬಹುಮಂದಿಗೆ ಉಲ್ಹಾಸ ನದಿಯು ರೈಲಿನ ಕಿಟಕಿಯಿಂದ ಕಂಡಷ್ಟೇ ಪರಿಚಿತ. ಅದರ ಹುಟ್ಟು, ಹರಿವುಗಳನ್ನು ಅರಿಯಬೇಕಾದರೆ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳನ್ನು ಬಿಡಿಸಿ ನೋಡಬೇಕು. 1767ರಲ್ಲಿ ಸ್ಥಾಪಿತವಾದ ಇಲಾಖೆಯಿದು. ಮುಂದೆ ದೇಶವನ್ನೇ ಅಳೆದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ತನ್ನ ಆಧಾರರೇಖೆಯೊಂದನ್ನು ಅಳೆದದ್ದು ನಮ್ಮ ಬೆಂಗಳೂರಿನ ಬಳಿ ಎಂಬುದು ಅಭಿಮಾನದ ಸಂಗತಿ.

1:50,000 ಪ್ರಮಾಣದ ಈ ನಕ್ಷೆಯಲ್ಲಿ ಒಂದು ಸೆಂಟಿಮೀಟರೆಂದರೆ ನೆಲದ ಮೇಲೆ ಅರ್ಧ ಕಿಲೋಮೀಟರು. ಸಮಾನ ಎತ್ತರದ ತಾಣಗಳನ್ನು ಕೂಡಿಸುವ ಕಂದುಗೆರೆಗಳೇ ಸಮೋನ್ನತಿ ರೇಖೆಗಳು. ಗೆರೆಯಿಂದ ಗೆರೆಗೆ 20 ಮೀಟರು ಏರಿಕೆ. ರಾಜಮಾಚಿಯ ಕಡಿದಾದ ಇಳಿಜಾರಿನಲ್ಲಿ ಅವು ಒತ್ತೊತ್ತಾಗಿ ನಿಂತಿವೆ. ಮಾಥೇರಾನಿನ ನೆತ್ತಿಯ ಮಳೆ ಪೂರ್ವಕ್ಕಿಳಿದರೆ ಉಲ್ಹಾಸದ ಪಾಲು. ಪಶ್ಚಿಮಕ್ಕಿಳಿದರೆ ಗಾಢಿ ನದಿಯ ಮೂಲಕ ಪನವೇಲ್ ಖಾಡಿಗೆ, ಅಂದರೆ ನವಿ ಮುಂಬಯಿಯ ಅಂಚಿಗೆ.

ಆದರೆ ನಿಸರ್ಗ ಎಳೆದ ಈ ಎಲ್ಲೆಯನ್ನು ಮನುಷ್ಯ ದಾಟಿರುವುದೂ ಉಂಟು. ಘಟ್ಟದ ಮೇಲೆ ಪೂರ್ವಾಭಿಮುಖವಾಗಿ ಹರಿದು ಬಂಗಾಳ ಕೊಲ್ಲಿಯನ್ನು ಸೇರಬೇಕಾದ ಆಂಧ್ರಾ ನದಿಯ ನೀರು (ಹೆಸರು ಆಂಧ್ರಾ ಆದರೂ ನದಿ ಪುಣೆ ಜಿಲ್ಲೆಯದೇ!) ಠೋಕರವಾಡಿ ಜಲಾಶಯದಿಂದ ಭಿವಪುರಿಯ ಟಾಟಾ ವಿದ್ಯುದಾಗಾರಕ್ಕೆ ಇಳಿದು 1922ರಿಂದ ಉಲ್ಹಾಸವನ್ನು ಕೂಡುತ್ತಿದೆ. ಬೇಸಿಗೆಯಲ್ಲಿಯೂ ನದಿ ಬತ್ತದಿರುವುದಕ್ಕೆ ಇದು ಮುಖ್ಯ ಕಾರಣ.

ಇನ್ನೊಂದು ವೈಚಿತ್ರ್ಯವಿದೆ. ಜನವಸತಿಯಿಲ್ಲದ ಬೆಟ್ಟಗಳಲ್ಲಿ ಗೆರೆಗಳು ದಟ್ಟವಾಗಿದ್ದರೆ, ಲಕ್ಷಾಂತರ ಜನರಿರುವ ಬಯಲಿನಲ್ಲಿ ನಕ್ಷೆ ಬಹುತೇಕ ಮೌನ. ಕಲ್ಯಾಣ, ಡೊಂಬಿವಲಿಗಳ ತಗ್ಗು ಬಡಾವಣೆಗಳು 20 ಮೀಟರಿನ ಮೊದಲ ಗೆರೆಗಿಂತಲೂ ಕೆಳಗಿವೆ. ನೆರೆ ಬಂದಾಗ ಒಂದು ಓಣಿ ಮುಳುಗಿ ಪಕ್ಕದ ಓಣಿ ಉಳಿಯುವುದು ಎರಡು ಮೀಟರುಗಳ ಅಂತರದಿಂದ. ಅದನ್ನು ಈ ನಕ್ಷೆ ಹೇಳಲಾರದು. 2005ರ ಜುಲೈ 26ರ ಮಹಾಪೂರದಲ್ಲಿ ಕಲ್ಯಾಣ, ಬದಲಾಪುರಗಳು ಜಲಾವೃತವಾದವು. ಬಯಲಿಗೆ ಅರ್ಧ ಮೀಟರಿನ ಗೆರೆಗಳುಳ್ಳ ನಕ್ಷೆ ಬೇಕು. ಅದು ಸಾಮಾನ್ಯ ನಾಗರಿಕನಿಗೂ ಸುಲಭವಾಗಿ ದೊರೆಯಬೇಕು.

ನೆರೆಯ ಬೆನ್ನಿಗೇ ಬರುವುದು ಇಲಿಜ್ವರ. ಇಲಿಯ ಮೂತ್ರದಿಂದ ಕಲುಷಿತವಾದ ನೀರಿನಲ್ಲಿ ನಡೆದಾಗ ರೋಗಾಣುಗಳು ಕಾಲಿನ ಗಾಯ, ಬಿರುಕುಗಳ ಮೂಲಕ ದೇಹವನ್ನು ಹೊಗುತ್ತವೆ. ಆದುದರಿಂದ ಹೊಸ ಮನೆ ಕೊಳ್ಳುವವರು ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ನೆರೆಹೊರೆಯವರನ್ನು ವಿಚಾರಿಸಿಕೊಳ್ಳುವುದು ಲೇಸು. ನೆರೆನೀರಿನಲ್ಲಿ ಅನಿವಾರ್ಯವಾಗಿ ನಡೆದವರು ಸಾಬೂನಿನಿಂದ ಕಾಲು ತೊಳೆಯಬೇಕು; ಮುಂದಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು ಕಾಣಿಸಿದರೆ, ನೀರಿನಲ್ಲಿ ನಡೆದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು.