ಮೂತ್ರಪಿಂಡದ ರೋಗವುಳ್ಳ ನಾಯಿಗೆ ಮನೆಯ ಪಥ್ಯ

ಅಂಗಡಿ, ಮನೆ ಕಾಯುವ ನಾಯಿಗೆ ವಯಸ್ಸಾದಂತೆ ಮೂತ್ರಪಿಂಡ ಸೋಲುವುದುಂಟು. ಅದು ಪದೇ ಪದೇ ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಊಟ ಬಿಟ್ಟು ಸೊರಗುತ್ತದೆ. ರಕ್ತ ಹಾಗೂ ಮೂತ್ರದ ತಪಾಸಣೆಯಿಂದ ರೋಗ ತಿಳಿಯುತ್ತದೆ. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ. ಆದರೂ ತಕ್ಕ ಪಥ್ಯದಿಂದ ಆ ಮೂಕಪ್ರಾಣಿ ಇನ್ನಷ್ಟು ಕಾಲ ನೆಮ್ಮದಿಯಿಂದ ಬಾಳಬಲ್ಲದು.

ಸರಿಯಾಗಿ ಹೊಂದಿಸಿದ ಶಾಕಾಹಾರ ನಾಯಿಗೆ ಸಾಗುತ್ತದೆ, ಬೆಕ್ಕಿಗೆ ಹಾಗಲ್ಲ. ಆದರೆ ಹೊಂದಿಸುವುದೇ ಕಠಿಣ. ಈ ರೋಗವುಳ್ಳ ನಾಯಿ-ಬೆಕ್ಕುಗಳಿಗಾಗಿ ಪ್ರಕಟವಾದ 67 ಮನೆ ಅಡುಗೆಯ ವಿಧಾನಗಳನ್ನು 2012ರಲ್ಲಿ ಅಮೆರಿಕದ ತಜ್ಞರು ಪರೀಕ್ಷಿಸಿದರು. ಎಲ್ಲ ಪೋಷಕಾಂಶಗಳೂ ಸಾಕಷ್ಟಿದ್ದ ವಿಧಾನ ಒಂದೂ ಸಿಗಲಿಲ್ಲ. ಆದ್ದರಿಂದ ಪಶುವೈದ್ಯರಿಂದ ಪ್ರಮಾಣ ಬರೆಸಿಕೊಂಡೇ ಅಡುಗೆಗೆ ಕೈಹಚ್ಚಬೇಕು.

ರೋಗಿಷ್ಠ ಮೂತ್ರಪಿಂಡಕ್ಕೆ ರಂಜಕ, ಅಂದರೆ ಫಾಸ್ಫರಸ್, ಭಾರ. ಬಿಳಿ ಅಕ್ಕಿಯ ಅನ್ನದಲ್ಲಿ ಅದು ಕಡಿಮೆ, ತುಪ್ಪದಲ್ಲಿ ಇಲ್ಲವೆನ್ನಬಹುದು. ಶಕ್ತಿ ಇವುಗಳಿಂದಲೇ ಬರಲಿ. ಬೇಯಿಸಿದ ಕುಂಬಳಕಾಯಿ, ಸೋರೆಕಾಯಿ ಸ್ವಲ್ಪ ಬೆರೆಸಬಹುದು. ಪನೀರು, ಬೇಳೆ, ಸೋಯಾಗಳಲ್ಲಿ ಪ್ರೊಟೀನಿನ ಜೊತೆಗೆ ರಂಜಕವೂ ಇರುತ್ತದೆ. ಅವನ್ನು ಪೂರ್ತಿ ಬಿಟ್ಟರೆ ಮೈಯ ಮಾಂಸಖಂಡ ಕರಗುತ್ತದೆ, ಹೆಚ್ಚಿಗೆ ಹಾಕಿದರೆ ರೋಗ ಬಲಿಯುತ್ತದೆ. ಅಂದಾಜಿನ ಮೇಲೆ ಹಾಕದೆ ತಕ್ಕಡಿಯಲ್ಲಿ ತೂಗಿ ಹಾಕುವುದು ವ್ಯಾಪಾರಸ್ಥರಾದ ನಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಕ್ಯಾಲ್ಸಿಯಂ, ಜೀವಸತ್ವಗಳನ್ನು ವೈದ್ಯರ ಚೀಟಿಯಂತೆ ಸೇರಿಸಬೇಕು. ನಮ್ಮ ಗುಳಿಗೆಗಳನ್ನು ಕೊಡಬಾರದು.

16 ಕಿಲೋ ತೂಕದ ನಾಯಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 560 ಕ್ಯಾಲರಿ ಬೇಕು. 100 ಗ್ರಾಂ ಅನ್ನದಿಂದ ದೊರೆಯುವುದು ಸುಮಾರು 130. ಹಳೆಯ ಆಹಾರದಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ 7ರಿಂದ 10 ದಿನಗಳಲ್ಲಿ ರೂಢಿ ಮಾಡಿಸಬೇಕು. ವಾರಕ್ಕೊಮ್ಮೆ ತೂಕ ಬರೆದಿಡಬೇಕು.

ಉಪ್ಪಿನಕಾಯಿ, ಹಪ್ಪಳ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ. ನಮ್ಮ ಅಡುಗೆಮನೆಗಳಲ್ಲಿ ಆ ಭಯವಿಲ್ಲ. ಆದರೆ ಸೊಲ್ಲಾಪುರ, ಜತ್ತ ಕಡೆಯ ನಮ್ಮ ಪೇಟೆಗಳಲ್ಲಿ ದ್ರಾಕ್ಷಿ, ಒಣದ್ರಾಕ್ಷಿಗೆ ಬರವಿಲ್ಲ. ಇವು ಗಟ್ಟಿಮುಟ್ಟಾದ ನಾಯಿಯ ಮೂತ್ರಪಿಂಡವನ್ನೂ ಕೆಡಿಸಬಲ್ಲವು. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು 2021ರಲ್ಲಿ ಪಶುವೈದ್ಯರು ಸೂಚಿಸಿದರು. ಹುಣಸೆಯಲ್ಲಿಯೂ ಅದೇ ಆಮ್ಲವಿದೆ. ಒಣದ್ರಾಕ್ಷಿ ಹಾಕಿದ ಶಿರಾ, ಹುಣಸೆಯ ಸಾರು ಎರಡನ್ನೂ ದೂರವಿಡಬೇಕು.

ಎರಡನೆಯ ಊಟವನ್ನು ಸೂರ್ಯಾಸ್ತಕ್ಕೆ ಮೊದಲೇ ಹಾಕಿದರೂ ನಡೆಯುತ್ತದೆ. ಆದರೆ ರಾತ್ರಿ ನೀರಿನ ಪಾತ್ರೆ ಬರಿದಾಗಕೂಡದು. ಈ ರೋಗದಲ್ಲಿ ನೀರು ತಪ್ಪಿದರೆ ಪ್ರಾಣಕ್ಕೇ ಅಪಾಯ.

ಪ್ರೊಟೀನು ಹೆಚ್ಚು, ರಂಜಕ ಕಡಿಮೆ ಎಂದು ವೈದ್ಯರು ತತ್ತಿಯ ಬಿಳಿಭಾಗ ಹಾಕಲು ಹೇಳಬಹುದು. ಅಲ್ಲಿ ತಲೆಯಾಡಿಸಿ ಬಂದು ಮನೆಯಲ್ಲಿ ಅದೊಂದನ್ನು ಬಿಟ್ಟು ಬೇಯಿಸಿದರೆ ನಾಯಿಯ ಪಾಲಿಗೆ ಪ್ರೊಟೀನು ಇಲ್ಲದಂತಾಗುತ್ತದೆ. 'ನಮ್ಮ ಮನೆಯಲ್ಲಿ ತತ್ತಿ ಬೇಯಿಸುವುದಿಲ್ಲ, ಬದಲಿ ಏನು, ಎಷ್ಟು?' ಎಂದು ಸಂಕೋಚವಿಲ್ಲದೆ ಅಲ್ಲಿಯೇ ಕೇಳಬೇಕು. ಅಷ್ಟಾಗಿಯೂ ತೂಕ ಇಳಿಯುತ್ತ ಹೋದರೆ ಅದನ್ನು ಮುಚ್ಚಿಡದೆ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ವ್ರತ ಹಿಡಿದವರು ನಾವು. ಅದರ ಕಷ್ಟ ಬಾಯಿಲ್ಲದ ಜೀವಕ್ಕೆ ತಟ್ಟದಂತೆ ನೋಡಿಕೊಳ್ಳುವುದೂ ಜೀವದಯೆಯೇ.