ಹಿತ್ತಿಲಿನ ಗೋಣಿಸೊಪ್ಪು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಗೋಣಿಸೊಪ್ಪಿನ ವಿಷಯದಲ್ಲಿ ಮಿಗಿಲಾಗಿ ಸಲ್ಲುತ್ತದೆ. ಮದ್ದಿನ ಮಾತು ಹಾಗಿರಲಿ, ಮಲ್ಲಿಗೆಯ ಪಾತಿಯಲ್ಲಿ ತಾನಾಗಿ ಎದ್ದ ಈ ಸೊಪ್ಪು ಅಡಿಗೆಗೂ ಬೇಡವಾಗಿ, ಕಳೆಯೆಂದು ಬೇಲಿಯಾಚೆ ಬೀಳುತ್ತದೆ. ಅದನ್ನು ಕಿತ್ತೆಸೆದ ಕೈಯೇ ಸಾಯಂಕಾಲ ಪೇಟೆಗೆ ಹೋಗಿ, ಯಾವ ನೀರಿನಲ್ಲಿ ಬೆಳೆದುದೋ ತಿಳಿಯದ ಸೊಪ್ಪಿನ ಕಟ್ಟಿಗೆ ಹಣ ತೆತ್ತು ಬರುತ್ತದೆ. ಇದನ್ನು ಕಂಡು, ಗೃಹಸ್ಥರಾದ ವಾಚಕರ ಮುಂದೆ ಈ ಬಡಸೊಪ್ಪಿನ ಪರವಾಗಿ ನಾಲ್ಕು ಮಾತುಗಳನ್ನಾಡಲು ನಾವು ಮನಸ್ಸು ಮಾಡಿದ್ದೇವೆ.

ಇದು ಕುಲಹೀನವಾದ ಗಿಡವಲ್ಲ. ಸಂಸ್ಕೃತದಲ್ಲಿ ಇದಕ್ಕೆ ಲೋಣೀ, ಲೋಣಿಕಾ, ಘೋಲಿಕಾ ಎಂಬ ಹೆಸರುಗಳುಂಟು. ಲವಣ ಶಬ್ದವು ಪ್ರಾಕೃತದಲ್ಲಿ ಲೋಣವಾಗುವುದರಿಂದ, ಎಲೆಯ ಉಪ್ಪುಹುಳಿ ರುಚಿಯೇ ಹೆಸರಾಗಿ ನಿಂತಿತೆಂಬುದು ಸ್ಪಷ್ಟ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಇದನ್ನು ಶಾಕಗಳ ಸಾಲಿನಲ್ಲಿಯೇ ಕೂರಿಸಿ, ಲೋಣೀ ಮತ್ತು ಬೃಹಲ್ಲೋಣೀ ಎಂದು ಎರಡು ಬಗೆಗಳನ್ನು ಹೇಳಿದ್ದಾನೆ. ನಮ್ಮ ಜನರು ಸಣ್ಣಗೋಣಿ, ದೊಡ್ಡಗೋಣಿ ಎನ್ನುವುದೂ ಅದೇ ವಿವೇಕದಿಂದಲೇ. ಕೆಲವು ಕಡೆ ಗೋಳಿಸೊಪ್ಪೆಂದೂ ಕರೆಯುವರು. ಮರಾಠಿಯ ಘೋಳ, ಹಿಂದಿಯ ಕುಲ್ಫಾ, ತಮಿಳಿನ ಪರುಪ್ಪುಕೀರೈ ಇದೇ. ಅಮೆರಿಕದ ಥೋರೋ ಎಂಬ ತತ್ತ್ವಜ್ಞನು 1854ರಲ್ಲಿ ಪ್ರಕಟವಾದ ತನ್ನ ವಾಲ್ಡನ್ ಗ್ರಂಥದಲ್ಲಿ, ಹೊಲದಲ್ಲಿ ಆಯ್ದ ಈ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ ತೃಪ್ತಿಯಾಗಿ ಊಟ ಮಾಡಿದುದನ್ನು ಬರೆದಿದ್ದಾನೆ.

ನಾವು ಪಾಠ ಹೇಳಲು ಆರಂಭಿಸಿದ ಕಾಲದಲ್ಲಿ, ಎಲೆಯೊಂದನ್ನು ತೋರಿಸಿದರೆ ಹಳ್ಳಿಯ ಮಕ್ಕಳು ಹೆಸರನ್ನೂ, ಅದರಿಂದ ತಮ್ಮ ತಾಯಿ ಮಾಡುವ ಸಾರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಿವೃತ್ತರಾಗುವ ವೇಳೆಗೆ ಅದೇ ಊರಿನ ಮಕ್ಕಳಿಗೆ ಎಲ್ಲವೂ ಬರಿಯ ಸೊಪ್ಪಾಗಿದ್ದಿತು. ಇದು ಬರಿಯ ಮರವೆಯ ಮಾತಲ್ಲ, ಅಪಾಯದ ಮಾತೂ ಹೌದು. ಏಕೆಂದರೆ ಗೋಣಿಸೊಪ್ಪಿನಂತೆಯೇ ನೆಲಕ್ಕೆ ಅಂಟಿ ಹರಡುವ, ಕೆಂಪು ಕಾಂಡದ ಇನ್ನೊಂದು ಗಿಡವುಂಟು. ಅದು ಕಳ್ಳಿಯ ಬಳಗದ್ದು, ತಿನ್ನತಕ್ಕದ್ದಲ್ಲ. ಗೋಣಿಸೊಪ್ಪಿನ ಕಾಂಡವು ದುಂಡಗೆ, ನುಣುಪಾಗಿ, ರಸ ತುಂಬಿರುವುದು. ಎಲೆ ದಪ್ಪನಾಗಿ, ತುದಿಯಲ್ಲಿ ಅಗಲವಾಗಿ, ಬುಡದಲ್ಲಿ ಕಿರಿದಾಗಿರುವುದು. ಹೂವು ಸಣ್ಣದು, ಹಳದಿ. ಕಳ್ಳಿಯ ನೆಂಟನ ಎಲೆ ತೆಳು, ಕಾಂಡ ಕಡ್ಡಿಯಂತೆ. ಕಾಂಡವನ್ನು ಮುರಿದು ನೋಡಿರಿ. ಬಿಳಿಯ ಹಾಲು ಒಸರಿದರೆ ಅದು ಗೋಣಿಸೊಪ್ಪಲ್ಲ, ಮುಟ್ಟಬೇಡಿರಿ. ತಿಳಿನೀರು ಬಂದರೆ ಉಳಿದ ಲಕ್ಷಣಗಳನ್ನೂ ನೋಡಿ, ಬಲ್ಲವರಿಗೆ ತೋರಿಸಿ, ಅನಂತರವೇ ಒಲೆಯ ಬಳಿಗೆ ಒಯ್ಯಿರಿ.

ರಸ್ತೆಯಂಚಿನಲ್ಲಿಯೂ ಚರಂಡಿಯ ಪಕ್ಕದಲ್ಲಿಯೂ ಬೆಳೆದುದನ್ನು ತರಕೂಡದು. ಕಳೆನಾಶಕವನ್ನೋ ಕೊಳಕನ್ನೋ ಅದು ಹೀರಿರಬಹುದು. ಆದುದರಿಂದ ಮನೆಯಲ್ಲಿಯೇ ಬೆಳೆಯುವುದು ಉತ್ತಮ. ಇದಕ್ಕೆ ಹಿತ್ತಿಲೇ ಬೇಕೆಂದಿಲ್ಲ, ಬಿಸಿಲು ಬೀಳುವ ಮಾಳಿಗೆಯ ಮೂಲೆ ಸಾಕು. ಅರ್ಧ ಅಡಿ ಆಳದ ಅಗಲವಾದ ಕುಂಡ, ತಳದಲ್ಲಿ ನೀರು ಬಸಿಯಲು ತೂತು, ಮಣ್ಣಿಗೆ ಸ್ವಲ್ಪ ಮರಳು ಮತ್ತು ಹಳೆಯ ಗೊಬ್ಬರ ಇಷ್ಟಿದ್ದರೆ ಆಯಿತು. ಬೀಜವು ಕಪ್ಪಗೆ, ಧೂಳಿನಂತೆ ಸಣ್ಣಗಿರುವುದರಿಂದ ಒಣಮರಳಿನೊಡನೆ ಬೆರಸಿ ಎರಚಬೇಕು. ಮೊಳೆಯಲು ಅದಕ್ಕೆ ಬೆಳಕು ಬೇಕಾದುದರಿಂದ ಮಣ್ಣು ಮುಚ್ಚದೆ, ಅಂಗೈಯಿಂದ ಮೆಲ್ಲಗೆ ಒತ್ತಿ, ನೀರನ್ನು ಚಿಮುಕಿಸಿದರೆ ಸಾಕು. ನೆಲವು ಬೆಚ್ಚಗಿದ್ದರೆ ಒಂದು ವಾರದೊಳಗೆ ಮೊಳಕೆ ಕಾಣುವುದು. ಬೀಜ ದೊರೆಯದವರು ಬೆರಳುದ್ದದ ಕಾಂಡವನ್ನು ನೆಟ್ಟರೂ ಬೇರೂರುತ್ತದೆ.

ಮುಂದೆ ಇದರ ಸಾಕಣೆಯಲ್ಲಿ ಮಾಡಬಾರದುದೇ ಹೆಚ್ಚು. ಮಣ್ಣು ಒಣಗಿದ ಮೇಲೆ ನೀರು ಹಾಕಿರಿ; ನಿಂತ ನೀರಿನಲ್ಲಿ ಬುಡ ಕೊಳೆಯುವುದು. ಐದಾರು ವಾರಗಳಲ್ಲಿ ಕೊಯ್ಲಿಗೆ ಬರುವುದು. ಬೇರುಸಹಿತ ಕೀಳದೆ, ಬುಡದಲ್ಲಿ ಎರಡು ಗಿಣ್ಣುಗಳನ್ನು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರಿ, ಇನ್ನೂ ಎರಡು ಮೂರು ಬಾರಿ ಸೊಪ್ಪು ಕೊಡುವುದು. ಹೂವಿಗೆ ಮುಂಚೆ ಕೊಯ್ದ ಸೊಪ್ಪೇ ಎಳೆಯದು. ಒಂದೆರಡು ಗಿಡಗಳನ್ನು ಮಾತ್ರ ಬೀಜಕ್ಕೆ ಬಿಡಿರಿ. ಇದರ ಕಾಯಿ ಮುಚ್ಚಳವಿರುವ ಪುಟ್ಟ ಕರಡಿಗೆಯಂತಿದ್ದು, ಮಾಗಿದಾಗ ಮುಚ್ಚಳ ಕಳಚಿ ಬೀಜ ಚೆಲ್ಲುವುದು. ಕಿತ್ತೆಸೆದ ಗಿಡವೂ ತನ್ನ ಕಾಂಡದ ರಸದಿಂದಲೇ ಬೀಜವನ್ನು ಮಾಗಿಸಬಲ್ಲುದು. ಪಾತಿಯಿಂದ ಇದನ್ನು ತೊಲಗಿಸಲು ಹೆಣಗಿದವರ ಸೋಲಿಗೆ ಇದೇ ಕಾರಣ.

ಕೊಯ್ಯುವ ಹೊತ್ತಿನಲ್ಲಿಯೂ ಒಂದು ಸ್ವಾರಸ್ಯವಿದೆ. ನೀರು ಸಾಲದಾದಾಗ ಈ ಗಿಡವು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಇಂಗಾಲಾಮ್ಲ ವಾಯುವನ್ನು ಒಳಗೊಂಡು, ಅದನ್ನು ಹುಳಿಯ ರೂಪದಲ್ಲಿ ಕೂಡಿಡುತ್ತದೆ. ಮರುದಿನ ಬಿಸಿಲಿನಲ್ಲಿ ಆ ಹುಳಿಯು ವ್ಯಯವಾಗುತ್ತದೆ. ಆದುದರಿಂದ ನೀರು ಕಡಮೆಯಾದ ಗಿಡದಿಂದ ಮುಂಜಾನೆ ಕೊಯ್ದ ಸೊಪ್ಪು ಹೆಚ್ಚು ಹುಳಿ, ಸಂಜೆಯದು ಸಪ್ಪೆ. ಬೆಳಗಿನದನ್ನು ಹುಳಿಗೂ ಸಂಜೆಯದನ್ನು ತೊವ್ವೆಗೂ ಬಳಸುವ ಗೃಹಿಣಿಯು ಹುಣಿಸೆಹಣ್ಣನ್ನು ಲೆಕ್ಕವಾಗಿ ಹಾಕಬಲ್ಲಳು.

ಅಡಿಗೆಯ ವಿಧಾನವನ್ನು ನಮ್ಮ ಹೆಣ್ಣುಮಕ್ಕಳಿಗೆ ನಾವು ಕಲಿಸಬೇಕಾದುದೇನೂ ಇಲ್ಲ. ಹೆಸರುಬೇಳೆಯೊಡನೆ ಪಲ್ಯ, ತೊಗರಿಬೇಳೆಯೊಡನೆ ಹುಳಿ, ಎರಡೂ ರೊಟ್ಟಿಗೂ ಅನ್ನಕ್ಕೂ ಹೊಂದುವುವು. ತುಪ್ಪದಲ್ಲಿ ಜೀರಿಗೆ ಮೆಣಸಿನೊಡನೆ ಬಾಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಬೇಸಗೆಗೆ ತಕ್ಕ ತಂಬುಳಿ. ಕಾಂಡಗಳ ನಡುವೆ ಮಣ್ಣು ಸಿಕ್ಕಿಕೊಂಡಿರುವುದರಿಂದ ಮೂರು ನಾಲ್ಕು ಸಲ ತೊಳೆಯುವುದನ್ನು ಮರೆಯಬಾರದು. ಬೆಂದಾಗ ಸ್ವಲ್ಪ ಲೋಳೆಯುಂಟು. ಬೇಳೆಯು ಅದನ್ನು ಮರೆಸುವುದು.

ಗುಣದ ವಿಷಯದಲ್ಲಿ ಅತಿಶಯೋಕ್ತಿ ಬೇಡ. 1986ರಲ್ಲಿ ಅಮೆರಿಕದ ಸಿಮೊಪೌಲೋಸ್ ಎಂಬ ವಿದುಷಿಯೂ ಅವರ ಸಂಗಡಿಗರೂ ಈ ಸೊಪ್ಪಿನಲ್ಲಿ ಒಮೇಗಾ-3 ವರ್ಗದ ಸ್ನೇಹಾಮ್ಲವಿರುವುದನ್ನು ಪ್ರಕಟಿಸಿದರು. ನೂರು ಗ್ರಾಂ ಹಸಿ ಎಲೆಯಲ್ಲಿ ಅದು ಸುಮಾರು 300ರಿಂದ 400 ಮಿಲಿಗ್ರಾಂ. ಎಲೆಗಳಲ್ಲಿ ಇಷ್ಟಿರುವುದು ಅಪರೂಪ. ಮೀನಿನ ಎಣ್ಣೆಯಲ್ಲಿರುವಂಥದಕ್ಕೆ ಇದು ಪೂರ್ಣವಾಗಿ ಸಮವಲ್ಲ, ಆದರೂ ಶಾಕಾಹಾರಿಗಳ ಮನೆಗೆ ಉಪಕಾರಿಯೇ. ಇನ್ನೊಂದು ಮುಖವೂ ಉಂಟು. ಇದರಲ್ಲಿ ಆಕ್ಸಾಲಿಕ್ ಆಮ್ಲವು ಅಧಿಕ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ತಿನ್ನಬಾರದು. ಉಳಿದವರೂ ಹಿತಮಿತವಾಗಿ, ಬೇಯಿಸಿ, ನೀರು ಬಸಿದು ತಿನ್ನುವುದು ಮೇಲು. ಮೊಸರಿನ ಸುಣ್ಣದಂಶವು ಆ ಆಮ್ಲವನ್ನು ಕಟ್ಟಿಹಾಕುವುದರಿಂದ, ಮೊಸರು ಮಜ್ಜಿಗೆಯೊಡನೆ ಸೊಪ್ಪನ್ನು ಸೇರಿಸುವ ನಮ್ಮ ಹಿರಿಯರ ಪದ್ಧತಿಯು ಯುಕ್ತವಾದುದೇ.

ಒಂದು ಕುಂಡದಿಂದ ಯಾರ ಬಡತನವೂ ನೀಗದು, ನಿಜ. ಆದರೆ ತಾನೇ ಕೊಯ್ದು ತಂದ ಸೊಪ್ಪಿನ ಹೆಸರನ್ನು ಮಗುವು ಮರೆಯಲಾರದು. ಈ ಸಲ ಪಾತಿಯಲ್ಲಿ ಗೋಣಿಸೊಪ್ಪು ಎದ್ದರೆ, ಕೀಳುವ ಮುನ್ನ ಮನೆಯ ಮಕ್ಕಳನ್ನು ಕರೆಯಿರಿ. ಕಾಂಡ ಮುರಿದು ತೋರಿಸಿ, ಹೆಸರು ಹೇಳಿಕೊಡಿರಿ. ಒಂದು ಗಿಡವನ್ನು ಬೀಜಕ್ಕೆ ಬಿಟ್ಟು, ಮಾಗಿದ ಬೀಜದಲ್ಲಿ ಒಂದು ಚಿಟಿಕೆಯನ್ನು ನೆರೆಮನೆಗೂ ಕೊಡಿರಿ.